ಲಿಸ್ಬನ್, ಉಣಕಲ್ ಮಾರ್ಗವಾಗಿ

ವರ್ಕ್‌ಶಾಪಿನ ಗ್ವಾಡಿಗೆ ಬೇರಿಂಗ್ ಕಂಪನಿ ಕ್ಯಾಲೆಂಡರು.
ಮೇ ತಿಂಗಳಿಗೆ ಹಳದಿ ಟ್ರಾಮು, ದಿನ್ನಿ ಏರೂದು,
ಕೆಳಗ ಸಣ್ಣ ಅಕ್ಷರದಾಗ ಲಿಸ್ಬನ್.
ವರ್ಷ ಮುಗದ ಮ್ಯಾಲೆ ಅದೊಂದು ಹಾಳಿ ಹರದು
ಮನಿಗೆ ತಂದ್ರು ನಮ್ಮನಿಯವ್ರು.
ಆ ದಿನ್ನಿ ಸಲುವಾಗಿ ನಾಕು ವರ್ಷ ಚೀಟಿ ಹಾಕಿದ್ವಿ.
ರೈಲ್ವೆ ಪಾಸು ಸಮುದ್ರದ ದಂಡಿಗೆ ಮುಗೀತೈತಿ,
ಅಲ್ಲಿಂದ ಮುಂದ ರೊಕ್ಕಾ ಕೊಟ್ಟೇ ಹೋಗಬೇಕು.

ಪಾಸ್‌ಪೋರ್ಟಿನ ಫೈಲು ಕಳೀತು ಅಂದ್ರು ಒಂದಿನ.
ಆಫೀಸಿನ್ಯಾಗ, ಅಂದ್ರು. ಅಲ್ಲ, ಬಸ್ಸಿನ್ಯಾಗ, ಅಂದ್ರು.
ಚೀಟಿ ರೊಕ್ಕದಾಗ ಮಾಳಿಗಿ ಸೋರೂದು ನಿಂತು,
ವಾಷಿಂಗ್ ಮಷಿನ್ ಬಂತು. ಗರಗರ ತಿರಗತೈತಿ ಇನ್ನೂ.

ಮದುವಿಯಾಗಿ ಇಪ್ಪತ್ನಾಕು ತುಂಬಿದ ದಿನ ನಾನಂದೆ:
ನಡೀರಿ, ಇವತ್ತೊಂದಿನ ಇದ ಲಿಸ್ಬನ್.
ಗುರ್ತಿನವ್ರು ಕಂಡ್ರ ಮಾತಾಡೂಹಂಗಿಲ್ಲ.
ದಾರಿ ಗೊತ್ತಿದ್ರೂ ಕೇಳಬೇಕು.
ಮತ್ತ, ಪರದೇಶದಾಗ ಗಂಡಾ ಹೆಂಡ್ತಿ ಹೆಸರು ಹಿಡದು ಕರೀತಾರ.
ಅದಕ್ಕ ಅವರು ಚಪ್ಲಿ ಹುಡುಕಾಕ ಹತ್ತಿದ್ರು,
ಕಾಲಾಗ ಇದ್ದದ್ದನ್ನ.

ಚಿಗರಿ ಬಸ್ಸಿನ್ಯಾಗ ಕಿಟಕಿ ನನಗ.
ಉಣಕಲ್ ಓಣಿಯಾಗ ಒಬ್ಬ ಹುಡುಗನ್ನ ಕೇಳಿದ್ವಿ,
ಚಂದ್ರಮೌಳೇಶ್ವರ ಗುಡಿ ಎಲ್ಲೈತಪಾ?
ಅಂವ ನಮ್ಮ ಬೆನ್ನ ಹಿಂದಕ ಬೆರಳು ಮಾಡಿದ.
ಇಷ್ಟು ವರ್ಷ ಇದ ಊರಾಗಿದ್ದು ನೋಡಿರಲಿಲ್ಲ, ಖರೇನ.
ಕರೀ ಕಲ್ಲು, ನಾಕೂ ಕಡೆ ಬಾಗಲಾ,
ಬಾಜೂ ಮನಿ ಮಾಳಿಗಿ ಮ್ಯಾಲೆ ಯಾರದೋ ಹಸರು ಪತ್ಲಾ.
ಅವರು ಶಿಲ್ಪಾ ನೋಡಲಿಲ್ಲ,
ಕಲ್ಲು ಕಲ್ಲಿನ ನಡುವ ಉಗುರು ತೂರಿಸಿ ನೋಡಿದ್ರು.
'ಗ್ಯಾಪ್ ಇಲ್ಲ. ನಮ್ಮ ಲೇತಿನ್ಯಾಗೂ ಹಿಂಗ ಬರೂದಿಲ್ಲ,'
ಅಂದು ಸುಮ್ಮನಾಗಿ, ಆಮ್ಯಾಲೆ, ಹಗೂರಕ:
'ದಾಕ್ಷಾಯಣಿ.'
ಸಾಲ್ಯಾಗ ಮಾಸ್ತರು ಹಾಜರಿ ಕರದಂಗಾತು.
ಎದ್ದು ನಿಂದರಾಕಿ ಇದ್ದೆ, ನಿಂತೇ ಇದ್ದೆ.

ಧಾರವಾಡದ ಫೇಡೆ ಅಂಗಡ್ಯಾಗ ಮುಖಾ ಗಟ್ಟಿ ಮಾಡಿ
'ಇದು ಏನ್ರೀ?' ಅಂತ ಕೇಳಿದೆ.
ಅಂಗಡಿಯಂವ ನನ್ನ ಚೀಲಾ ನೋಡಿದ,
ಚೀಲದ ಮ್ಯಾಲೆ ಹುಬ್ಬಳ್ಳಿ ಅರಿವಿ ಅಂಗಡಿ ಹೆಸರು ನೋಡಿದ,
ಏನೂ ಅನ್ನದ ಒಂದು ಚೂರು ಅಂಗೈಗಿಟ್ಟ.
ಹಾಲು ತಳಾ ಹತ್ತಿದ ಮ್ಯಾಲೂ
ಯಾರೂ ಬೈದಿರದಂಗ ಇತ್ತು ಅದು.

ಸಂಜಿಗೆ ಕೊಪ್ಪೀಕರ ರೋಡಿನ ಹಿಂದ
'ಫ್ಯಾಮಿಲಿ ರೂಮ್ ಮ್ಯಾಲೆ' ಅಂತ ಬಾಣದ ಗುರ್ತು.
ಅಲ್ಲೆ ರಸ್ತೇದ ದಂಡಿಗೆ ಕುರ್ಚಿ ಹಾಕ್ಕೊಂಡು ಕುಡೀತಾರಂತ.
ಇಲ್ಲಿ ಪರದೆ. ಪರದೇಕ ಸಾರಿನ ಕಲಿ.
'ಯಾವೂರಾತ್ರೀ?' ಅಂದ ವೇಟರ್.
'ದೂರದ್ದಪಾ,' ಅಂದ್ರು ಇವರು.
ಆ 'ಪಾ'ದಾಗ ಹುಬ್ಬಳ್ಳಿ ಪೂರ್ತಿ ಕುಂತಿತ್ತು.
ಬಿಯರ್ ಒಂದ, ಗ್ಲಾಸ್ ಎರಡು, ಮಸಾಲಿ ಶೇಂಗಾ.
ಮೊದಲ ಗುಟುಕು ಆರಿದ ಕಷಾಯ.
ಮೂರನೇದಕ್ಕ ಕಿವಿ ಬೆಚ್ಚಗಾದವು.

ಶೇಂಗಾಕಾಳು ಒಂದರ ಹಿಂದ ಒಂದು ಬೋಗಿಯಂಗ ಜೋಡಿಸಿ
ಅವರಂದ್ರು: 'ಫೈಲು ಕಳದಿರಲಿಲ್ಲ.
ವಿಮಾನ ಅಂದ್ರ ನನಗ...
ನಟ್ಟು ಬೋಲ್ಟು ಎಷ್ಟು ಸಡ್ಲ ಇರತಾವ, ನನಗ ಗೊತ್ತು.'
ಟ್ರಂಕಿನ ತಳದಾಗ, ಮದುವಿ ಧೋತರದ ಕೆಳಗಿತ್ತು ಅದು.
ಹ್ವಾದ ದೀಪಾವಳಿಗೆ ನೋಡಿ, ಡಾಂಬರ ಗುಳಿಗಿ ಇಟ್ಟು,
ಮತ್ತ ಹಂಗ ಮುಚ್ಚಿದಾಕಿ ನಾನ.
ಈಗ ಏನನಬೇಕು?
'ಈ ಊರ ಭಾಷಾ ನನಗ ಬರೂದಿಲ್ಲ,' ಅಂದೆ, 'ಫಕ್ಕೀರೇಶ.'
ನಾಲಿಗಿ ಎಡವಿದ್ದು ಹೆಸರಿಗೆ, ಬಿಯರಿಗಲ್ಲ.
ಅವರು ನಕ್ಕರು. ನಗೂದು ಸ್ವಲ್ಪ ತಡಾ ಆತು.

ಕೆಳಗ ಆಟೋದಂವ ಎರಡು ನೂರು ಅಂದ.
'ಯಾರಿಗೆ ಹೇಳತೀಯೋ ತಮ್ಮಾ? ಗದಗ ರೋಡಿಗೆ
ಎಂಬತ್ತರ ಮ್ಯಾಲೆ ಒಂದ್ ಪೈಸಾ ಕೊಡಂಗಿಲ್ಲ!'
ನನ್ನ ದನಿಗೆ ಮಲಗಿದ ನಾಯಿ ಎದ್ದು ಕುಂತಿತು.

'ನಾಳಿಗೂ ಹೆಸರ ಹಿಡದ...?' ಅಂತ ಕೇಳಿದ್ರು ದಾರ್ಯಾಗ.
'ನಾಳೆ ಫಸ್ಟ್ ಶಿಫ್ಟ್ ಐತಿ ನಿಮಗ,' ಅಂದೆ.
ಬ್ರಿಜ್ಜಿನ ಏರಿಗೆ ಆಟೋ ತಿಣಕಿತು.
ನಾನು ಮುಂದಿನ ರಾಡು ಹಿಡಕೊಂಡೆ.
ಅವರೂ ಅದ ರಾಡು.