ನಾಲ್ಕನೆಯ ಮೂಲೆ

ಮೂರು ಮೂಲೆ ಯಾರಿಗಾದರೂ ಕೂಡಿಬರುತ್ತವೆ.
ತಪ್ಪು ಮಾತ್ರ ಅಂಚು ಹಿಡಿದು ಸುತ್ತಿಕೊಂಡು
ನಾಲ್ಕನೆಯದರಲ್ಲಿ ಬಂದು ಕೂರುತ್ತದೆ —
ಬಿದ್ಜಿನಾ ಮೇಸ್ತ್ರಿಯ ಮಾತು.
ಹೊತ್ತಿಸದ ಸಿಗರೇಟು ತುಟಿಯಲ್ಲಿಟ್ಟೇ ಹೇಳುತ್ತಿದ್ದ;
ಅಂಗಡಿ ತುಂಬ ಅಕ್ರೋಟು ಮರದ ಹುಡಿ, ಒಂದು ಕಿಡಿ ಸಾಕು.

ಕುತಾಯಿಸಿಯಲ್ಲಿ, ರಿಯೋನಿ ಹೊಳೆ
ಬಿಳಿ ಬಂಡೆಗಳನ್ನು ತಿಕ್ಕುವ ಸದ್ದು ಕೇಳುವಷ್ಟು ಹತ್ತಿರ.
ನನಗಾಗ ಹತ್ತೊಂಬತ್ತು.
ಹುಡುಗಿಯ ಕೈಗೆ ಗರಗಸ ಕೊಟ್ಟದ್ದು ನಂಬಿಕೆಯಿಂದಲ್ಲ,
ಮಗ ಸೇನೆಗೆ ಹೋಗಿದ್ದ, ಬೇರೆ ಕೈ ಇರಲಿಲ್ಲ.

ಅರ್ಧ ಡಿಗ್ರಿ ತಾನೇ, ಅಂದಿದ್ದೆ.
ಅರ್ಧವೇ, ಇಯಾಮ್ಜೆ, ಅರ್ಧವೇ.
ಪಟ್ಟಿ ನಾಲ್ಕು, ತುದಿ ಎಂಟು. ಎಂಟು ಅರ್ಧ ಎಷ್ಟು?
ಬಾಯಿ ತೆರೆಯುವ ಮೊದಲೇ
ನನ್ನ ಚೌಕಟ್ಟಿನ ಕೊನೆಯ ಬಿರುಕಿಗೆ
ಹತ್ತು ಕಪೇಕಿನ ನಾಣ್ಯ ತೂರಿಸಿದ.
ನಾಣ್ಯ ನಿಂತಿತು. ಅಲ್ಲಾಡಿಸಿದ. ಬೀಳಲಿಲ್ಲ.
ತಗೋ, ಇವತ್ತಿನ ಕೂಲಿ.

ಆಮೇಲೆ ಕಲಿತೆ.
ಎದುರುಬದುರಿನ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ
ತುದಿಯನ್ನು ಉಗುರಿನಿಂದ ತಡವಿ ನೋಡುವುದು; ಕಣ್ಣು ಸುಳ್ಳು ಹೇಳುತ್ತದೆ.
ಅಡ್ಡ ಕೊಯ್ದ ಮರಕ್ಕೆ ಬಾಯಾರಿಕೆ ಜಾಸ್ತಿ,
ಮೊದಲ ಸಲದ ಅಂಟನ್ನು ಪೂರ್ತಿ ಕುಡಿಯುತ್ತದೆ, ಕುಡಿಯಲಿ,
ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬಿಟ್ಟು
ಎರಡನೆಯದನ್ನು ಸವರು, ಅದು ಹಿಡಿಯುತ್ತದೆ.
ಸುತ್ತ ಹುರಿ ಬಿಗಿ, ಕಡ್ಡಿ ಸಿಕ್ಕಿಸಿ ತಿರುವು,
ಕರ್ಣ ಎರಡನ್ನೂ ಅಳೆ, ಸಮ ಬರುವ ತನಕ
ಉಸಿರು ಹಿಡಿ.
ಮತ್ತೆ, ಏನೇ ಆಗಲಿ, ಬಿರುಕಿಗೆ ಮೇಣ ತುಂಬಬೇಡ.
ತುಂಬುವವನು ಬಡಗಿಯಲ್ಲ, ಹಲ್ಲಿನ ಡಾಕ್ಟರು.

ಮೇಸ್ತ್ರಿ ಹೋಗಿ ಇಪ್ಪತ್ತಾರು ವರ್ಷ.
ಅಂಗಡಿ ನನ್ನದು. ಗರಗಸ ಅದೇ, ಹಿಡಿ ಮೂರನೆಯದು.

ಮೊನ್ನೆ ತ್ಸಿಯಾಲಾ ತಂದಳು:
ಒಲೆಯ ಮೇಲಿನ ಗೋಡೆಯಲ್ಲಿ ನಲವತ್ತು ಚಳಿಗಾಲ ನೇತಾಡಿದ
ಅವಳ ಅತ್ತೆಯ ಫೋಟೋ.
ಅತ್ತೆ ತುಟಿ ಬಿಗಿದಿದ್ದಾಳೆ, ಚೌಕಟ್ಟು ಬಾಯಿ ಬಿಟ್ಟಿದೆ.
ಹಿಂಬದಿಯಲ್ಲಿ ಪೆನ್ಸಿಲಿನ ಗುರುತು, ಮೇಸ್ತ್ರಿಯದು.
ಮೂರು ಮೂಲೆ ಎಳೆದರೂ ಮಿಸುಕಲಿಲ್ಲ.
ನಾಲ್ಕನೆಯದರಿಂದ ಉದುರಿತು
ಜೇನುಮೇಣ — ಮರದ ಹುಡಿ ಕಲಸಿ, ಚಹಾದಲ್ಲಿ ಬಣ್ಣ ಕಟ್ಟಿದ್ದು.
ಅದರ ಮೇಲೆ, ಭೂತಗನ್ನಡಿ ಹಿಡಿದರಷ್ಟೇ ಕಾಣುವಂತೆ,
ಈಚೆಯ ಮರದ ಎಳೆ ತಿರುವಿನಲ್ಲಿ ಆಚೆಯದಕ್ಕೆ ಸೇರುವ ಹಾಗೆ
ಸೂಜಿಯಿಂದ ಗೀರಿದ ಗೆರೆ. ಎಣಿಸಿದೆ, ಒಂಬತ್ತು.

ನಗು ಬಂತು, ಸಿಕ್ಕಿಬಿದ್ದೆಯಲ್ಲೋ ಮುದುಕಾ ಎಂದು.
ಕೆರೆದು ಚೊಕ್ಕ ಮಾಡಿದೆ. ಬಿರುಕಿನ ಅಗಲ
ಎಲ್ಲೋ ನೋಡಿದ ಮುಖದಂತಿತ್ತು.
ಮೊಳೆ ಡಬ್ಬಿಯ ತಳದಿಂದ ಆ ನಾಣ್ಯ ತೆಗೆದು ತೂರಿಸಿದೆ.

ನಿಂತಿತು.

ನಾನು ಮನೆಗೆ ಹೋದ ಮೇಲೆ ದೀಪ ಹಚ್ಚಿ ಕೂತಿರಬೇಕು
ಹಲ್ಲಿನ ಡಾಕ್ಟರು.
ನನ್ನ ಚೌಕಟ್ಟಿಗೆ ತನ್ನ ಗುರುತು ಹಾಕಿ, ಮಾರಿ,
ಮರುದಿನ ಬೆಳಿಗ್ಗೆ ಮಾಮೂಲಿನಂತೆ ನನಗೆ ಬೈದು
ಹೊಸ ಪಟ್ಟಿ ಕೊಟ್ಟ.

ತ್ಸಿಯಾಲಾ ಕೇಳುತ್ತಾಳೆ, ಹೊಸದಾಗಿ ಕೊಯ್ದು ಕೂಡಿಸಬಹುದಲ್ಲ?
ಬಹುದು. ನಲವತ್ತೈದು ಈಗ ನನ್ನ ಮೊಣಕೈಯೊಳಗೇ ಇದೆ.
ಕೊಯ್ದರೆ ಚೌಕಟ್ಟು ಚಿಕ್ಕದಾಗುತ್ತದೆ, ಅಂದೆ,
ನಿನ್ನ ಅತ್ತೆಯ ತಲೆವಸ್ತ್ರದ ಅಂಚು ಮುಚ್ಚಿಹೋಗುತ್ತದೆ.
ಅರ್ಧ ನಿಜ.
ಶುಕ್ರವಾರ ಬಾ.

ಚಮಚದಲ್ಲಿ ಮೇಣ ಕರಗುತ್ತಿದೆ.
ಹುಡಿ ಇದೆ, ಚಹಾ ಇದೆ.
ಕನ್ನಡಕ ಹಾಕಿಕೊಂಡು ಸೂಜಿ ಹುಡುಕುತ್ತಿದ್ದೇನೆ,
ಅಷ್ಟು ಸಣ್ಣದು ಎಲ್ಲಿ ಸಿಕ್ಕಿತ್ತೋ ಅವನಿಗೆ.