ಕಣ್ಣು ಬಿಡುವ ಹೊತ್ತು

ಹಾಸನದಲ್ಲಿ ರಾತ್ರಿ ಎರಡೂ ಮುಕ್ಕಾಲು.
ಹೊಟ್ಟೆ ಇನ್ನೂ ಲೀಮಾದಲ್ಲೇ ಕೂತು
ಸಂಜೆಯ ಕಾಫಿ ಕೇಳುತ್ತಿದೆ.
ಹನ್ನೆರಡು ದಿನ ಬಣ್ಣಬಣ್ಣದ ಆಲೂಗಡ್ಡೆ ಎಣಿಸಿ ಬಂದವಳು
ಅಡುಗೆಮನೆಯ ಕತ್ತಲಲ್ಲಿ
ಆರಿದ ಮುದ್ದೆ ಮುರಿಯುತ್ತಿದ್ದೇನೆ, ಕದ್ದವಳ ಹಾಗೆ.

ವಾಪಸು ಬರುವಾಗ ಯಾವುದೋ ಸಾಲಿನಲ್ಲಿ
ನನ್ನದೊಂದು ಮಂಗಳವಾರ ಬಿದ್ದುಹೋಯಿತು.
ನಿನ್ನೆ ಮಧ್ಯಾಹ್ನ ಕಚೇರಿಯಲ್ಲಿ ತೂಗಿದ ತಲೆಗೆ
ಪುಷ್ಪಲತಾ ಫೈಲಿನಿಂದ ತಟ್ಟಿದಳು:
"ಮೇಡಂ, ಬೆಳಗಾಯ್ತು!"

ಇನ್ನು ಹೊರಳಿ ಸುಖವಿಲ್ಲ.
ಸ್ಕೂಟರ್ ತೆಗೆದು ಮಾರುಕಟ್ಟೆ ಯಾರ್ಡಿಗೆ ಬಂದೆ.
ಜಲಂಧರದ ಲಾರಿ ಆಗಷ್ಟೇ ನಿಂತಿತ್ತು.
ಹಮಾಲಿ ದ್ಯಾವಯ್ಯ ಟೀ ಲೋಟ ಚಾಚಿ,
"ನಿದ್ದೆ ಬರಲಿಲ್ವಾ, ಅವ್ವಾ?"
"ಹೊರಟಿದೆ ಕಣಯ್ಯಾ, ಇನ್ನೂ ದಾರೀಲಿದೆ."

ಚೀಲದ ಹೊಲಿಗೆ ಬಿಚ್ಚಿ ನೋಡಿದೆ:
ಅಷ್ಟು ದೂರ ಕುಲುಕಿ ಬಂದ ಬಿತ್ತನೆ ಗೆಡ್ಡೆ,
ಒಂದಾದರೂ ಕಣ್ಣು ಬಿಟ್ಟಿಲ್ಲ.
ಪ್ರತಿ ವರ್ಷ ರೈತರಿಗೆ ನಾನೇ ಹೇಳುವುದು:
ಬಂದ ಕೂಡಲೇ ಮಣ್ಣಿಗೆ ಹಾಕಬೇಡಿ,
ನೆರಳಲ್ಲಿ ಹರಡಿ, ಹತ್ತು ದಿನ ಸುಮ್ಮನಿರಿ,
ಅದಕ್ಕೂ ಊರು ಗೊತ್ತಾಗಲಿ.

ಖಾಲಿ ಗೋಣಿಯ ರಾಶಿಗೆ ಒರಗಿದ್ದಷ್ಟೇ ನೆನಪು.

ಎದ್ದಾಗ ಬಿಸಿಲು. ಲಾರಿ ಹೋಗಿತ್ತು.
ಟೀ ಕೆನೆಗಟ್ಟಿತ್ತು.
ಯಾರೋ ನನ್ನ ಮೇಲೊಂದು ಗೋಣಿ ಹೊದಿಸಿದ್ದರು.