ಒಗೆಯುವವಳ ಲೆಕ್ಕ

ಸೋಮವಾರಕ್ಕೆ ಇಪ್ಪತ್ತೆರಡು ಕೈಪಟ್ಟಿ.
ಹನ್ನೊಂದು ಹುಡುಗರು, ತಲೆಗೆರಡು ಕೈ.
ಮೂವತ್ತು ವರ್ಷದಿಂದ ಈ ಲೆಕ್ಕ ತಪ್ಪಿಲ್ಲ.
ಬೆರಳು ಮುರಿದವನೂ ಪಟ್ಟಿ ಕಳಿಸುತ್ತಾನೆ
ನಾನು ಬೈದೇನೆಂಬ ಭಯಕ್ಕೆ.

ಬುಕೊಮ್‌ನ ಮಕ್ಕಳು ನಡೆಯುವ ಮೊದಲೇ ಗುದ್ದಲು ಕಲಿಯುತ್ತವೆ
ಅನ್ನುತ್ತಾರೆ ಆಕ್ರಾದ ಆಚೆ ತುದಿಯವರು. ಸುಳ್ಳು.
ಮೊದಲು ಹಸಿಯಲು ಕಲಿಯುತ್ತವೆ. ಗುದ್ದು ಆಮೇಲೆ.

ಓದಾರ್ಟೇ ಸತ್ತದ್ದು ಭಾನುವಾರ ಬೆಳಗಿನ ಜಾವ.
ಕಣದ ಹಗ್ಗಕ್ಕೆ ಒರಗಿ ಕೂತಿದ್ದನಂತೆ,
ಮುಂದಿನ ಸುತ್ತಿನ ಗಂಟೆಗೆ ಕಾಯುವವನ ಹಾಗೆ.
ಪೊಲೀಸರು ಬಂದರು, ಮೂಸಿದರು, ಕುಡಿದಿದ್ದಾನೆ ಎಂದರು,
ಎದೆ ನಿಂತು ಸತ್ತ ಎಂದು ಬರೆದುಕೊಂಡರು.
ಎದೆ ನಿಲ್ಲದೆ ಯಾರು ಸತ್ತಿದ್ದಾರೆ, ಸಾಹೇಬರೇ?

ಮೈ ತೊಳೆಯಲು ಕರೆದದ್ದು ನನ್ನನ್ನೇ.
ಈ ಓಣಿಯಲ್ಲಿ ತೊಳೆಯುವುದು ಏನಿದ್ದರೂ ನನ್ನ ಪಾಲು.
ಗದ್ದ ಎತ್ತಿದೆ. ಗಂಟಲ ಕೆಳಗೆ
ಎರಡು ಬೆರಳಗಲದ ಒಂದು ಗೆರೆ,
ಗೆರೆಯೊಳಗೆ ಮೀನಿನ ಮುಳ್ಳಿನಂಥ ನೇಯ್ಗೆ.
ಕಂಡವರಿಗೆ ಅದು ಮುದಿಚರ್ಮದ ಸುಕ್ಕು.
ನನ್ನ ಹೆಬ್ಬೆರಳಿಗೆ ಆ ನೇಯ್ಗೆಯ ಗುರುತಿದೆ,
ಉಜ್ಜಿ ಉಜ್ಜಿ ಸವೆದ ಹೆಬ್ಬೆರಳು.
ಬಾಯಿ ಬಿಡಲಿಲ್ಲ. ಬಿಳಿಬಟ್ಟೆಯನ್ನು ಗದ್ದದವರೆಗೂ ಎಳೆದೆ.

ಮಾರನೆಯ ದಿನ ಗಂಟು ಬಿಚ್ಚಿ ಎಣಿಸಿದೆ.
ಒಂದು ಕಡಿಮೆ ಇದ್ದೀತೆಂದು ಎಣಿಸಿದೆ.
ಇಪ್ಪತ್ತೆರಡು. ಸರಿಯಾಗಿತ್ತು.

ಮತ್ತೆ ಎಣಿಸಿದೆ, ಈ ಸಲ ಮೂಗಿನಿಂದ.
ಬೆವರು, ಶುಂಠಿ ಎಣ್ಣೆ, ಬೆವರು,
ಹೊಗೆಗಿಟ್ಟ ಮೀನು, ಅದು ದೋಣಿಯವನ ಮಗನದು,
ಬೆವರು, ಬೆವರು,
ಗುಲಾಬಿ.
ಹೋಟೆಲಿನ ಸೋಪು, ಕಾಗದ ಸುತ್ತಿದ ಬೆರಳುದ್ದದ ಬಿಲ್ಲೆ.
ಒಗೆಯಲು ಬಂದ ಗಂಟಿನಲ್ಲಿ ಒಗೆದ ಪಟ್ಟಿ!
ತನ್ನ ಪಟ್ಟಿ ತಾನೇ ಒಗೆದುಕೊಂಡ ಬಾಕ್ಸರನನ್ನು
ಈ ಜನ್ಮದಲ್ಲಿ ಕಂಡಿಲ್ಲ ನಾನು.

ಹೋಟೆಲಿನಲ್ಲಿ ಇಳಿದಿದ್ದವನು ಮ್ಯಾನೇಜರ್ ಕ್ವಾರ್ಶಿ,
ಕರವಸ್ತ್ರಕ್ಕೂ ಇಸ್ತ್ರಿ ಹಾಕಿಸುವವನು.
ಅವನೇ ಆಗಿರಲಿ ಎಂದು ಬೇಡಿಕೊಂಡೆ.
ದೇವರೇ, ಅವನೇ ಆಗಿರಲಿ.
ಆದರೆ ಕ್ವಾರ್ಶಿಗೆ ಪಟ್ಟಿ ಸುತ್ತಿಡಲು ಬಾರದು.
ಇದನ್ನು ಸುತ್ತಿದ್ದು ಎಡಗೈ. ಹೆಬ್ಬೆರಳ ಕುಣಿಕೆ ಹೊರಗೆ,
ತುದಿ ಎರಡು ಮಡಿಕೆ ಒಳಗೆ.
ಹಾಗೆ ಸುತ್ತು ಮಗಾ, ಎಂದು ಹೇಳಿಕೊಟ್ಟವಳು ನಾನು,
ಏಳು ವರ್ಷದ ಒಬ್ಬನಿಗೆ, ಕೆಂಕೆ ಮುರಿದು ಬಾಯಿಗಿಡುತ್ತ.

ಆಯಿಕ್ವೇ.
ಅವೋ ಅನ್ನುತ್ತಾನೆ, ಹೆತ್ತವಳಲ್ಲ ನಾನು.
ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿ
ಅವನನ್ನೂ ಆ ಹೋಟೆಲಿನಲ್ಲೇ ಮಲಗಿಸಿದ್ದರು.

ಒಗೆಯುವವಳ ಮುಂದೆ ಜೇಬುಗಳೆಲ್ಲ ಬಾಯಿಬಿಡುತ್ತವೆ.
ಓದಾರ್ಟೇಯ ಚಡ್ಡಿಯಲ್ಲಿ ಮಡಚಿದ ಒಂದು ಕಾಗದ.
ಮೀನಿನ ಕೊರ್ಕೋಯಳ ಮಗಳು ಓದಿ ಹೇಳಿದಳು,
ಅರ್ಥವಾಗದೆ, ಶಾಲೆಯ ಪಾಠದಂತೆ, ಗಟ್ಟಿಯಾಗಿ:
ಬೋರ್ಡಿನವರಿಗೆ. ಈ ಹುಡುಗನ ಎಡಗಣ್ಣು ಹೋಗುತ್ತಿದೆ.
ಇನ್ನು ಇವನನ್ನು ಕಣಕ್ಕೆ ಇಳಿಸಬೇಡಿ.
ಇವನು ನನ್ನ ಮೇಲೆ ಸಿಟ್ಟಾದರೂ ಸರಿ.

ಹುಡುಗಿಗೆ ಒಂದು ಸುಟ್ಟ ಮೀನು ಕೊಟ್ಟು ಕಳಿಸಿದೆ.
ಕಾಗದವನ್ನು ಒಲೆಯ ಹತ್ತಿರ ಹಿಡಿದೆ,
ಒಣಗಿಸಲೋ ಸುಡಲೋ, ಕೈಗೇ ಗೊತ್ತಿರಲಿಲ್ಲ.
ಒಣಗಿತು.

ಶನಿವಾರ ರಾತ್ರಿ ಹೊರಗೆ ಜನ ಅವನ ಹೆಸರು ಕೂಗುತ್ತಿದ್ದರು.
ಪಟ್ಟಿ ಕಟ್ಟಲು ಓದಾರ್ಟೇ ಇಲ್ಲ. ಅವೋ, ನೀನೇ ಕಟ್ಟು, ಅಂದ.
ಎಡಗಡೆಯಿಂದ ಹೋದೆ.
ಪಕ್ಕದಲ್ಲಿ ಕೂರುವವರೆಗೂ ನಾನು ಕಾಣಲಿಲ್ಲ ಅವನಿಗೆ.
ಗುಲಾಬಿಯ ಪಟ್ಟಿಯನ್ನೇ ಬಿಚ್ಚಿದೆ.
ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಒಂದು, ಎರಡು,
ಮೂರನೆಯದಕ್ಕೆ ಅವನ ಮೂಗು ಅರಳಿತು.

ಬಾಗಿಲಲ್ಲಿ ಕ್ವಾರ್ಶಿ ಗಡಿಯಾರ ತಟ್ಟಿ ತೋರಿಸುತ್ತಿದ್ದ.
ಠಾಣೆ ಅಲ್ಲಿಂದ ಎರಡೇ ಓಣಿ.
ನಾನು ಏನೂ ಕೇಳಲಿಲ್ಲ.
ಅವನು ಇನ್ನೊಂದು ಕೈಯನ್ನೂ ತಾನಾಗಿ ತಂದು
ಮೊದಲನೆಯದರ ಪಕ್ಕ ಇಟ್ಟ,
ಮಣಿಕಟ್ಟಿಗೆ ಮಣಿಕಟ್ಟು ಕೂಡಿಸಿ.

ಪಟ್ಟಿ ಇನ್ನೂ ಉದ್ದವಿತ್ತು.